ಲೆಕ್ಕಕ್ಕೆ ಸಿಗದ ಇಪ್ಪತ್ತೇಳು ಬಡಿತ

ಮೈದಾನದ ಎಂಟನೇ ಸುತ್ತು ಮುಗಿಸಿ ಲಿಖಿತ ಗೆರೆ ದಾಟುತ್ತಿದ್ದ ಹಾಗೆ ಕಾರಣಮಾಪಕ ತನ್ನ ಕೆಲಸ ಶುರುಮಾಡಿತು. ಅವನ ಎದೆಗೆ ಕಟ್ಟಿದ್ದ ಎರಡು ಬೆರಳಗಲದ ಪಟ್ಟಿಯಿಂದ ಸಂಕೇತಗಳು ಹೋಗುತ್ತಲೇ ಇದ್ದವು. ಗೋಡೆಯ ಪರದೆಯ ಮೇಲೆ ಮೊದಲು ಒಂದೇ ಒಂದು ದೊಡ್ಡ ಅಂಕಿ ಮೂಡಿತು: ನೂರ ಎಂಬತ್ತನಾಲ್ಕು. ಆಮೇಲೆ ಅದು ಬಿಡಿಬಿಡಿ ಪಾಲುಗಳಾಗಿ ಒಡೆದು ಸಾಲುಸಾಲಾಗಿ ಕೆಳಗಿಳಿಯಿತು. ಸುಮ್ಮನೆ ಕೂತಾಗಲೂ ಇರುವ ಮೂಲ ಬಡಿತ ಅರವತ್ತೆರಡು. ಕಾಲಿನ ಕೆಲಸಕ್ಕೆ ಎಪ್ಪತ್ತನಾಲ್ಕು. ಬಿಸಿಲಿಗೆ ಹನ್ನೊಂದು. ನೀರು ಸಾಲದ್ದಕ್ಕೆ ಆರು. ನಿದ್ದೆಗೆಟ್ಟದ್ದಕ್ಕೆ ನಾಲ್ಕು. ಕಟ್ಟಕಡೆಯ ಸಾಲು ಕೆಂಪಕ್ಷರದಲ್ಲಿತ್ತು: ಶೇಷ ಬಡಿತ ಇಪ್ಪತ್ತೇಳು, ಕಾರಣ ಗೊತ್ತಿಲ್ಲ.

ಓಡಿದರೆ ಎದೆ ಹೊಡೆದುಕೊಳ್ಳುವುದು ಹೊಸ ಸುದ್ದಿಯೇನಲ್ಲ. ಎಷ್ಟು ಹೊಡೆದುಕೊಂಡಿತು ಎಂದು ಎಣಿಸುವ ಕೈಗಡಿಯಾರಗಳು ಅಜ್ಜಂದಿರ ಕಾಲದಿಂದಲೂ ಇದ್ದವು. ಯಾಕೆ ಅಷ್ಟು ಎಂದು ಕೇಳಿದರೆ ಮಾತ್ರ ಅವು ಪಿಳಿಪಿಳಿ ಕಣ್ಣು ಬಿಡುತ್ತಿದ್ದವು. ಡಾಕ್ಟರ್ ನಫೀಸಾ ಹನ್ನೊಂದು ವರ್ಷ ತಲೆಕೆಡಿಸಿಕೊಂಡು ಕಟ್ಟಿದ ಈ ಯಂತ್ರ ಆ ‘ಯಾಕೆ’ಗೆ ಉತ್ತರ ಕೊಡುತ್ತಿತ್ತು. ಕಾಲಿನ ಸ್ನಾಯುಗಳು ಕೇಳುವ ಆಮ್ಲಜನಕವನ್ನು ರಕ್ತ ಹೊತ್ತು ತರಬೇಕು, ಅದಕ್ಕೆ ಇಷ್ಟು ಬಡಿತ. ಬಿಸಿಲಿದ್ದರೆ ಮೈ ತಣಿಸಲು ಒಂದಷ್ಟು ರಕ್ತ ಚರ್ಮದ ಕಡೆಗೆ ಹೊರಟುಬಿಡುತ್ತದೆ, ಆ ಕೊರತೆ ತುಂಬಲು ಇನ್ನಷ್ಟು. ನೀರು ಕುಡಿಯದಿದ್ದರೆ ರಕ್ತದ ಪ್ರಮಾಣವೇ ಇಳಿದು, ಹೃದಯ ಪ್ರತಿ ಬಡಿತಕ್ಕೂ ಕಡಿಮೆ ರಕ್ತ ತಳ್ಳಿ, ಬಡಿತದ ಸಂಖ್ಯೆಯಲ್ಲಿ ಅದನ್ನು ಸರಿದೂಗಿಸುತ್ತದೆ. ಬೆವರಿನ ಉಪ್ಪು, ಚರ್ಮದ ಬಿಸಿ, ಉಸಿರಿನ ಏರಿಳಿತ ಎಲ್ಲವನ್ನೂ ಒಟ್ಟಿಗೆ ನೋಡಿ ಯಂತ್ರ ಒಂದೊಂದು ಕಾರಣಕ್ಕೂ ಅದರದರ ಪಾಲು ಹಂಚುತ್ತಿತ್ತು. ಇದನ್ನು ಕಂಡು ದೊಡ್ಡ ದೊಡ್ಡ ಹೃದಯತಜ್ಞರು ತಲೆದೂಗಿದ್ದರು. ತಲೆದೂಗಬೇಕಾದದ್ದೇ.

ಲಿಖಿತನಿಗೆ ಮಾತ್ರ ಆ ಹೊತ್ತಿಗೆ ಯಂತ್ರದ ಮೇಲೆ ಅಂಥ ಪ್ರೀತಿಯೇನೂ ಉಕ್ಕಲಿಲ್ಲ. ಅವನು ಕೆಂಪುದಿಣ್ಣೆ ಎಂಬ ಕೈಗಾರಿಕಾ ಪಟ್ಟಣದ ಅಗ್ನಿಶಾಮಕ ಠಾಣೆಯವನು. ವಯಸ್ಸು ನಲವತ್ತೇಳು. ಆ ಕಾಲಕ್ಕೆ ಲಿಖಿತ, ಪ್ರಣೀತ ಎಂಬುವೆಲ್ಲ ಹಿರಿತಲೆಗಳ ಹೆಸರಾಗಿ, ಹುಡುಗರು ಕಿಸಕ್ಕನೆ ನಗುವಂತಾಗಿತ್ತು. ಹೊಗೆ ತುಂಬಿದ ಕಟ್ಟಡದೊಳಗೆ ನುಗ್ಗಿ ಸಿಕ್ಕಿಬಿದ್ದವರನ್ನು ಹೊರತರುವುದು ಅವನ ಕೆಲಸ, ಅದೊಂದೇ ಅವನಿಗೆ ಗೊತ್ತಿದ್ದ ಕೆಲಸ. ಈ ವರ್ಷ ಹೊಸ ನಿಯಮ ಬಂದಿತ್ತು. ಶೇಷ ಬಡಿತ ಹದಿನೈದು ಮೀರಿದರೆ, ಕಾರಣ ಸಿಗುವ ತನಕ ಬೆಂಕಿಯ ಹತ್ತಿರ ಬಿಡುವಂತಿಲ್ಲ. ಒಂದು ತಿಂಗಳಲ್ಲಿ ಸಿಗದಿದ್ದರೆ ಉಳಿದ ಸರ್ವಿಸೆಲ್ಲ ಕಚೇರಿಯಲ್ಲಿ ಫೋನೆತ್ತಿಕೊಂಡು ಕೂರಬೇಕು.

“ನಲವತ್ತೇಳು ವರ್ಷದವನಿಗೆ ನೂರ ಎಪ್ಪತ್ಮೂರು ದಾಟಬಾರದು ಅಂತಾರಲ್ವಾ ಮೇಡಂ? ಇನ್ನೂರ ಇಪ್ಪತ್ತರಲ್ಲಿ ವಯಸ್ಸು ಕಳೀಬೇಕಂತೆ. ನಂದು ಹನ್ನೊಂದು ಜಾಸ್ತಿಯಾಯ್ತು,” ಎಂದ ಲಿಖಿತ, ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ.

“ಅದು ಸಾವಿರಾರು ಜನದ ಸರಾಸರಿ ಅಷ್ಟೇ. ಊರಿಗೆಲ್ಲ ಒಂದೇ ಅಳತೆ ಶರ್ಟ್ ಹೊಲಿದ ಹಾಗೆ,” ಎಂದರು ನಫೀಸಾ. “ಕೆಲವರದ್ದು ಹತ್ತಿಪ್ಪತ್ತು ಮೇಲಿರುತ್ತೆ, ಏನೂ ತೊಂದರೆ ಇಲ್ಲ. ಎಷ್ಟು ಅನ್ನೋದಕ್ಕೆ ನಾನು ಹೆದರಲ್ಲ. ಯಾಕೆ ಅಂತ ಗೊತ್ತಾಗದೆ ಇದ್ರೆ ಹೆದರ್ತೀನಿ. ನಿಮ್ಮ ಹೃದಯದ ಚಿತ್ರ, ರಕ್ತ, ಥೈರಾಯ್ಡ್ ಎಲ್ಲಾ ನೋಡಿದ್ದಾಯ್ತು. ಎಲ್ಲಾ ಚೆನ್ನಾಗಿದೆ. ಆದ್ರೂ ಇಪ್ಪತ್ತೇಳು ಬಡಿತ ಎಲ್ಲಿಂದಲೋ ಬರ್ತಿದೆ.”

“ಯಂತ್ರ ತಪ್ಪಿರಬಹುದು.”

“ಇರಬಹುದು. ಅದಕ್ಕೇ ದಿನಾ ಓಡಿಸ್ತಿದೀನಿ,” ಎಂದರು ನಫೀಸಾ, ಬೇಜಾರಿಲ್ಲದೆ. ತಾನು ಕಟ್ಟಿದ್ದನ್ನು ತಾನೇ ಅನುಮಾನಿಸುವ ಗುಣ ಅವರಲ್ಲಿತ್ತು. ಲಿಖಿತನಿಗೆ ಅವರು ಹಿಡಿಸಿದ್ದು ಅದಕ್ಕೇ.

ಎರಡು ವಾರ ಕಳೆಯುವಷ್ಟರಲ್ಲಿ ವಿಚಿತ್ರವೊಂದು ಕಂಡಿತು. ಗುರುವಾರ ಮತ್ತು ಶುಕ್ರವಾರ ಲಿಖಿತನ ಶೇಷ ಬಡಿತ ಮೂರಕ್ಕಿಳಿಯಿತು. ಶನಿವಾರ ಮತ್ತೆ ಇಪ್ಪತ್ತಾರು. ಆ ಎರಡು ದಿನ ಏನು ಬೇರೆಯಾಗಿತ್ತು ಎಂದು ನಫೀಸಾ ತಲೆ ಚಚ್ಚಿಕೊಂಡರು. ಊಟ ಅದೇ, ಬಿಸಿಲು ಅದೇ, ಓಟದ ಹೊತ್ತೂ ಅದೇ. ಕೊನೆಗೆ ಉತ್ತರ ಹೇಳಿದವಳು ಠಾಣೆಯ ನೀರುಗಾಡಿ ಓಡಿಸುವ ತ್ರಿವೇಣಿ.

“ಅವೆರಡು ದಿನ ಪ್ರಣೀತಣ್ಣ ರಜಾ ಹಾಕಿದ್ರು ಮೇಡಂ.”

ಪ್ರಣೀತನೂ ಅದೇ ಠಾಣೆಯವನು, ದಿನವೂ ಲಿಖಿತನ ಪಕ್ಕದಲ್ಲೇ ಓಡಿ ಅದೇ ಪರೀಕ್ಷೆ ಎದುರಿಸುತ್ತಿದ್ದವನು. ನಫೀಸಾ ಅವನ ಹಾಳೆ ತೆಗೆಸಿದರು. ಲಿಖಿತ ಪಕ್ಕದಲ್ಲಿದ್ದರೆ ಅವನ ಶೇಷ ಬಡಿತ ಇಪ್ಪತ್ತನಾಲ್ಕು, ಇಲ್ಲದಿದ್ದರೆ ಎರಡು.

ಸಂಜೆ ಲಿಖಿತನನ್ನು ಕರೆಸಿ ನೇರವಾಗಿಯೇ ಕೇಳಿದರು. “ನಿಮಗೂ ಪ್ರಣೀತ್ ಅವರಿಗೂ ಏನಾಗಿದೆ?”

“ಏನೂ ಆಗಿಲ್ಲ. ಮಾತು ಬಿಟ್ಟಿದೀವಿ, ಅಷ್ಟೇ.”

“ಎಷ್ಟು ದಿನದಿಂದ?”

“ಒಂಬತ್ತು ವರ್ಷ.”

ಒಂಬತ್ತು ವರ್ಷ ಮಾತಿಲ್ಲದೆ ಒಂದೇ ಠಾಣೆಯಲ್ಲಿರುವುದು ಹೇಗೆಂದು ನಫೀಸಾಗೆ ಅರ್ಥವಾಗಲಿಲ್ಲ. ಠಾಣೆಯವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. “ಪೈಪ್ ಒಣಗಿಸಿದ್ದಾಯ್ತಾ ಅಂತ ಕೇಳಮ್ಮ” ಎಂದು ಲಿಖಿತ ತ್ರಿವೇಣಿಗೆ ಹೇಳುತ್ತಿದ್ದ. “ಆಗಲೇ ಆಯ್ತು ಅಂತ ಹೇಳಮ್ಮ” ಎಂದು ಎರಡು ಮೊಳ ದೂರದಲ್ಲಿ ಕೂತ ಪ್ರಣೀತ ಹೇಳುತ್ತಿದ್ದ. ತ್ರಿವೇಣಿ ಅನ್ನ ಕಲಸುತ್ತ ಬಾಯಿಯನ್ನೇ ತೆರೆಯುತ್ತಿರಲಿಲ್ಲ, ಕೆಲಸ ಮಾತ್ರ ನಡೆದುಹೋಗುತ್ತಿತ್ತು.

“ಹಾಗಿದ್ರೆ ದಿನಾ ಬೆಳಗ್ಗೆ ಪಕ್ಕಪಕ್ಕದಲ್ಲೇ ಯಾಕೆ ಓಡ್ತೀರಿ?”

“ಓಡಲೇಬೇಕು ಮೇಡಂ. ನಾವು ಹಗ್ಗದ ಜೋಡಿ.” ಲಿಖಿತ ವಿವರಿಸಿದ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹೊಗೆಯೊಳಗೆ ಹೋಗುತ್ತಾನೆ, ಇನ್ನೊಬ್ಬ ಬಾಗಿಲಲ್ಲಿ ಅದರ ತುದಿ ಹಿಡಿದು ನಿಲ್ಲುತ್ತಾನೆ. ಎಂಥೆಂಥ ರೇಡಿಯೋ ಬಂದರೂ ತಗಡಿನ ಚಾವಣಿಯ ಕೆಳಗೆ ಕೈಕೊಡುತ್ತವೆ, ಹಗ್ಗ ಕೈಕೊಡುವುದಿಲ್ಲ. “ಒಂದು ಸಲ ಜಗ್ಗಿದ್ರೆ ಕ್ಷೇಮ ಅಂತ. ಎರಡು ಸಲ ಜಗ್ಗಿದ್ರೆ ಇನ್ನೂ ಹಗ್ಗ ಬಿಡು ಅಂತ. ಮೂರು ಸಲ ಜಗ್ಗಿದ್ರೆ ನನ್ನನ್ನ ಆಚೆಗೆ ಎಳಕೋ ಅಂತ.”

“ಮಾತು ಬಿಟ್ಟವರ ಕೈಲಿ ಜೀವ ಕೊಟ್ಟು ಒಳಗೆ ಹೋಗ್ತೀರಾ?”

“ಹಗ್ಗದಲ್ಲಿ ನಾವು ಮಾತು ಬಿಟ್ಟಿಲ್ಲ ಮೇಡಂ.”

ಆಮೇಲೆ ಕಾರಣವನ್ನೂ ಹೇಳಿದ. ಒಂಬತ್ತು ವರ್ಷದ ಹಿಂದೆ ಹತ್ತಿ ಗೋದಾಮಿಗೆ ಬೆಂಕಿ ಬಿದ್ದಿತ್ತು. ಕಾವಲುಗಾರ ಗಿರಿಯಪ್ಪ ಒಳಗೆ ಸಿಕ್ಕಿಕೊಂಡಿದ್ದ. ಅವನ ಕೆಮ್ಮು ಲಿಖಿತನಿಗೆ ಕೇಳುತ್ತಿತ್ತು, ಹತ್ತು ಹೆಜ್ಜೆಯೂ ಇರಲಿಲ್ಲ. ಅಷ್ಟರಲ್ಲಿ ಪ್ರಣೀತ ಹಗ್ಗ ಎಳೆದುಬಿಟ್ಟ. ಗಿರಿಯಪ್ಪ ಉಳಿಯಲಿಲ್ಲ. ಯಾಕೆ ಎಳೆದೆ ಎಂದು ವಿಚಾರಣೆಯಲ್ಲಿ ಕೇಳಿದರೆ, “ಎಳೀಬೇಕು ಅನ್ನಿಸಿತು” ಎಂದಷ್ಟೇ ಪ್ರಣೀತ ಹೇಳಿದ್ದ. ಅವತ್ತು ಲಿಖಿತ ಎಲ್ಲರೆದುರಿಗೆ, ನೀನು ಹೆದರುಪುಕ್ಕ, ನಿನ್ನಿಂದ ಒಂದು ಜೀವ ಹೋಯಿತು ಎಂದಿದ್ದ. ಪ್ರಣೀತ ತಲೆ ತಗ್ಗಿಸಿ ಹೊರಟುಹೋದ. ಅಲ್ಲಿಂದ ಮಾತಿಲ್ಲ.

ನಫೀಸಾಗೆ ಉತ್ತರದಲ್ಲಿ ಶರೀರಕ್ಕೆ ಸೇರಿದ ಅರ್ಧ ಹೊಳೆಯಿತು. ಸಿಟ್ಟನ್ನಾಗಲಿ ಛಲವನ್ನಾಗಲಿ ಮೈ ಅಪಾಯವೆಂದೇ ತಿಳಿಯುತ್ತದೆ. ಮೂತ್ರಪಿಂಡದ ತಲೆಯ ಮೇಲಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿದು ಹೃದಯವನ್ನು ಅಟ್ಟುತ್ತವೆ. ಯಂತ್ರಕ್ಕೆ ಬೆವರು ಗೊತ್ತು, ಬಿಸಿಲು ಗೊತ್ತು, ಮುನಿಸು ಗೊತ್ತಿರಲಿಲ್ಲ. ಆದರೆ ಊಹೆಯನ್ನು ವರದಿಯಲ್ಲಿ ಬರೆಯುವಂತಿಲ್ಲ, ಪುರಾವೆ ಬೇಕು. ಠಾಣೆಯವರು ತೊಡುವ ಅಂಗಿಗಳು ಹನ್ನೆರಡು ವರ್ಷದಿಂದ ಎಲ್ಲರ ಬಡಿತ, ಮೈಕಾವು, ತೋಳಿನ ಚಲನೆ ಎಲ್ಲವನ್ನೂ ದಾಖಲಿಸಿಡುತ್ತಿದ್ದವು. ಆ ರಾಶಿಯನ್ನೆಲ್ಲ ಅವರು ಕಾರಣಮಾಪಕಕ್ಕೆ ಉಣಿಸಿದರು. ನಾಲ್ಕನೇ ದಿನ ಯಂತ್ರ ಬೆರಳಿಟ್ಟು ತೋರಿಸಿತು. ಗೋದಾಮಿನ ಬೆಂಕಿಯ ಹಿಂದಿನ ದಿನದವರೆಗೆ ಇಬ್ಬರ ಶೇಷ ಬಡಿತವೂ ಸೊನ್ನೆಯ ಆಸುಪಾಸು. ಅದರ ಮಾರನೆಯ ದಿನದಿಂದ ಇಪ್ಪತ್ತರ ಮೇಲೆ.

ಖುಷಿಯಿಂದಲೇ ಅವರು ಲಿಖಿತನನ್ನು ಕರೆದು ಪರದೆಯ ಮುಂದೆ ಕೂರಿಸಿದರು. “ನಿಮಗೆ ಕಾಯಿಲೆ ಏನಿಲ್ಲ, ವರದಿ ಬರೆದುಕೊಡ್ತೀನಿ. ಆದ್ರೆ ಒಂದು ಸಂಗತಿ ನನಗೆ ಗೊತ್ತಾಗ್ತಿಲ್ಲ, ನೀವೇ ಹೇಳಬೇಕು. ಇದು ಆ ದಿನ ಗೋದಾಮಿನೊಳಗಿನ ನಿಮ್ಮ ದಾಖಲೆ. ಬಡಿತ ನೂರ ತೊಂಬತ್ತೆಂಟು. ಅದರಲ್ಲಿ ಬಿಸಿಗೇ ನಲವತ್ತು. ಒಳಮೈ ಕಾವು ನಲವತ್ತು ಡಿಗ್ರಿ ದಾಟಿದೆ. ಅಷ್ಟು ಕಾವೇರಿದ್ರೆ ತಲೆ ತಲೆಯಾಗಿರಲ್ಲ ಲಿಖಿತ್ ಅವರೇ. ಮನುಷ್ಯ ಏನು ಮಾಡ್ತಾನೋ ಅದು ಅವನಿಗೇ ನೆನಪಿರಲ್ಲ. ಇನ್ನೆರಡು ನಿಮಿಷ ಇದ್ದಿದ್ರೆ ನೀವೂ ಬರ್ತಿರಲಿಲ್ಲ.”

ಅವರ ಬೆರಳು ಕೆಳಗಿನ ಇನ್ನೊಂದು ಗೆರೆಗೆ ಹೋಯಿತು. “ಇದು ತೋಳಿನ ಚಲನೆ. ಇದನ್ನ ಇಷ್ಟು ದಿನ ಯಾರೂ ತೆಗೆದೇ ನೋಡಿಲ್ಲ. ಇಲ್ಲಿ ನಿಮ್ಮ ಬಲಗೈ ಏನನ್ನೋ ಜೋರಾಗಿ ಜಗ್ಗಿದೆ. ಒಂದು, ಎರಡು, ಮೂರು. ಏನದು?”

ಹಗ್ಗದ ಭಾಷೆಯನ್ನು ತಾನೇ ಈ ಹೆಂಗಸಿಗೆ ಹೇಳಿಕೊಟ್ಟಿದ್ದು ಲಿಖಿತನಿಗೆ ನೆನಪಿತ್ತು. ಕೆಲಸದ ಭರದಲ್ಲಿ ಅವರು ಅದನ್ನು ಮರೆತಿದ್ದರು. ಅವನು ಆ ಗೆರೆಯ ಮೂರು ಏರುಗಳನ್ನೇ ನೋಡುತ್ತ ಕೂತ. ಎಳಕೋ ಎಂದು ಕೇಳಿದವನು ಅವನೇ. ಪ್ರಣೀತನಿಗೆ ಅದು ಆ ಕ್ಷಣದಿಂದಲೂ ಗೊತ್ತಿತ್ತು.

“ಏನಿಲ್ಲ ಮೇಡಂ,” ಎಂದು ಎದ್ದು ಹೊರಗೆ ಬಂದ. ಮನೆಗೆ ಹೋದವನು ಊಟ ಮಾಡಲಿಲ್ಲ.

ಮಾರನೆಯ ಬೆಳಗ್ಗೆ ಇಬ್ಬರೂ ಎಂದಿನಂತೆ ಮೈದಾನಕ್ಕಿಳಿದರು. ಎಂದಿನಂತೆ ಭುಜಕ್ಕೆ ಭುಜ, ಒಬ್ಬನಿಗಿಂತ ಒಬ್ಬ ಅರ್ಧ ಹೆಜ್ಜೆಯೂ ಹಿಂದೆ ಬೀಳಬಾರದೆಂಬ ಹಟ. ಎರಡು ಸುತ್ತು ಹೀಗೇ ಹೋಯಿತು. ಲಿಖಿತನ ನಾಲಿಗೆಯ ತುದಿಗೆ ಮಾತು ಬಂದಿತ್ತು, ಆದರೆ ಆ ಓಟದಲ್ಲಿ ಉಸಿರಿಗೇ ಜಾಗವಿರಲಿಲ್ಲ, ಮಾತಿಗೆಲ್ಲಿಂದ ಬರಬೇಕು. ಮಾತಾಡಬೇಕಾದರೆ ನಿಧಾನಿಸಬೇಕಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಲಿಖಿತ ನಿಧಾನಿಸಿದ. ಒಂದು ಹೆಜ್ಜೆ ಹಿಂದಾದ, ಎರಡು ಹೆಜ್ಜೆ ಹಿಂದಾದ.

ಪ್ರಣೀತ ತಿರುಗಿ ನೋಡಿದ. ಅವನಿಗೆ ಗಾಬರಿಯಾಗಿತ್ತು. ಅವನೂ ನಿಧಾನಿಸಿ ಪಕ್ಕಕ್ಕೆ ಬಂದ.

“ಮೂರು ಸಲ ಜಗ್ಗಿದ್ದು ನಾನೇ, ಅಲ್ವಾ?” ಎಂದ ಲಿಖಿತ.

ಪ್ರಣೀತ ಓಟ ನಿಲ್ಲಿಸಿ ನಡೆಯತೊಡಗಿದ. “ಯಾರು ಹೇಳಿದ್ದು?”

“ನನ್ನ ಕೈಯೇ ಹೇಳ್ತು. ದಾಖಲೆಯಲ್ಲಿದೆ.”

“ಹೂಂ.”

“ಎಲ್ಲರ ಮುಂದೆ ನಿನ್ನನ್ನ ಏನೆಲ್ಲಾ ಅಂದೆ. ಯಾಕೆ ಹೇಳ್ಲಿಲ್ಲ ನೀನು?”

ಇಬ್ಬರೂ ಈಗ ನಡೆಯುತ್ತಿದ್ದರು. ಪ್ರಣೀತ ನೆಲ ನೋಡುತ್ತಲೇ ಹೇಳಿದ. “ಹೇಳಿದ್ರೆ ನೀನು ಮತ್ತೆ ಹಗ್ಗ ಕಟ್ಕೊಂಡು ಒಳಗೆ ಹೋಗ್ತಿದ್ಯೇನಯ್ಯ? ನಿನ್ನನ್ನ ನಾನು ನೋಡಿಲ್ವಾ. ಗಿರಿಯಪ್ಪನ್ನ ಬಿಟ್ಟು ಬಂದೆ ಅಂತ ಮೂಲೆ ಹಿಡೀತಿದ್ದೆ. ನನ್ನ ಮೇಲೆ ಸಿಟ್ಟಿದ್ರೆ ಏನಂತೆ, ಕೆಲಸ ಆದ್ರೂ ಮಾಡ್ತೀಯ ಅಂತ ಸುಮ್ಮನಾದೆ.” ತಲೆಯೆತ್ತಿ ಅವನನ್ನು ನೋಡಿ, “ಆಮೇಲೆ ನೀನು ಆಚೆಗೆ ತಂದಿರೋದು ಹತ್ತೊಂಬತ್ತು ಜನ. ಬಾಗಿಲಲ್ಲಿ ನಿಂತು ಎಣಿಸಿದೀನಿ,” ಎಂದ.

ಲಿಖಿತನಿಗೆ ಅಳು ಬಂತು. ನಲವತ್ತೇಳರ ಆ ದಡೂತಿ ಆಳು ಮೈದಾನದ ನಟ್ಟನಡುವೆ ನಿಂತು ಅತ್ತ. ಕೊನೆಗೆ ಕೈ ಚಾಚಿ ಪ್ರಣೀತನ ಅಂಗಿಯ ತೋಳು ಹಿಡಿದು ಒಂದೇ ಒಂದು ಸಲ ಜಗ್ಗಿದ. ಪ್ರಣೀತನೂ ಅವನ ತೋಳು ಹಿಡಿದು ಒಂದು ಸಲ ಜಗ್ಗಿದ.

ಅತ್ತ ಪರದೆಯ ಮೇಲೆ ಇಬ್ಬರ ಶೇಷ ಬಡಿತವೂ ಐವತ್ತಕ್ಕೆ ಜಿಗಿದು ಯಂತ್ರ ಕೂಗತೊಡಗಿತ್ತು. ಹೃದಯಾಘಾತವೇ ಆಯಿತೆಂದು ನಫೀಸಾ ಚಿಕಿತ್ಸೆಯ ಪೆಟ್ಟಿಗೆ ಹೊತ್ತು ಅರ್ಧ ಮೈದಾನ ಓಡಿಬಂದರು. ಒಬ್ಬರ ತೋಳು ಒಬ್ಬರು ಹಿಡಿದು ನಿಂತವರನ್ನು ಕಂಡಾಗ ಅವರಿಗೆ ಹಗ್ಗದ ಭಾಷೆ ನೆನಪಾಯಿತು, ಮೂರು ಏರುಗಳ ಅರ್ಥವೂ ಆಯಿತು. ಪೆಟ್ಟಿಗೆ ಹೊತ್ತುಕೊಂಡು ಸದ್ದಿಲ್ಲದೆ ಹಿಂದಕ್ಕೆ ಹೋದರು.

ವಾರದ ಮೇಲೆ ಮರುಪರೀಕ್ಷೆ ನಡೆಯಿತು. ಇಬ್ಬರೂ ಒಂಬತ್ತು ವರ್ಷದ ಬಾಕಿ ಮಾತನ್ನೆಲ್ಲ ಆಡುತ್ತ ಎಂಟು ಸುತ್ತು ಓಡಿದರು. ಮಾತಾಡುವಷ್ಟು ಉಸಿರು ಉಳಿಯಬೇಕಾದರೆ ಎಷ್ಟು ವೇಗದಲ್ಲಿ ಓಡಬೇಕೋ ಅಷ್ಟೇ ವೇಗ. ಯಾವ ತರಬೇತುದಾರನೂ ಮೊದಲು ಹೇಳಿಕೊಡುವುದು ಅದನ್ನೇ. ತ್ರಿವೇಣಿ ಮಾತ್ರ, ಇವರು ಮಾತು ಬಿಟ್ಟಿದ್ದಾಗಲೇ ಊಟದ ಹೊತ್ತು ನೆಮ್ಮದಿಯಾಗಿತ್ತು ಎಂದು ಗೊಣಗುತ್ತಿದ್ದಳು. ಪರದೆಯ ಮೇಲೆ ಲಿಖಿತನ ಅಂಕಿ ಮೂಡಿತು: ನೂರ ನಲವತ್ತೊಂಬತ್ತು. ಎಲ್ಲಕ್ಕೂ ಪಾಲು ಹಂಚಿದ ಮೇಲೆ ಶೇಷ ಬಡಿತ ಎರಡು.

“ಇನ್ನು ನಿಶ್ಚಿಂತೆಯಾಗಿ ಬೆಂಕಿಗೆ ಹೋಗಬಹುದು,” ಎಂದರು ನಫೀಸಾ.

ಲಿಖಿತ ಕೊನೆಯ ಸಾಲನ್ನೇ ನೋಡುತ್ತಿದ್ದ. “ಆ ಎರಡು ಯಾವುದು ಅಂತ ಹುಡುಕೋಕೆ ಹೋಗಬೇಡಿ ಮೇಡಂ. ನನಗೆ ಗೊತ್ತಿದೆ. ಅದು ಗಿರಿಯಪ್ಪನದು. ಇರಲಿ.”

ಎರಡು ಬಡಿತದಷ್ಟು ಹೆಚ್ಚುಕಡಿಮೆ ಯಾವ ಅಳತೆಯಲ್ಲೂ ಬರುವಂಥದ್ದು, ಅದು ಯಂತ್ರದ ಸಣ್ಣ ತಪ್ಪು ಎಂದು ನಫೀಸಾಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅವರು ಹೇಳಲಿಲ್ಲ.