ಮಾದೇವಮ್ಮನಿಗೆ ನೂರು ತುಂಬಿಸಿದ್ದು

ತಪಾಸಣೆಯ ವರದಿಯಲ್ಲಿ ಏಳು ದೂರುಗಳಿದ್ದವು. ಆರನ್ನು ದೋಣಿಗಲ್ ವೃದ್ಧಾಶ್ರಮದ ವಾರ್ಡನ್ ಜಯಕುಮಾರ್ ಹೇಗೋ ನುಂಗಿಕೊಂಡ. ಸ್ನಾನಕ್ಕೆ ಬಿಸಿನೀರಿಲ್ಲ ಎಂದು ಬರೆದಿದ್ದರು. ಹಂಡೆ ತೂತಾಗಿ ಎರಡು ವರ್ಷವಾಗಿದ್ದು ನಿಜ. ಸಾರಿನಲ್ಲಿ ಬೇಳೆ ಕಾಣುವುದಿಲ್ಲ ಎಂದಿದ್ದರು. ಅದನ್ನೂ ಅಲ್ಲಗಳೆಯುವ ಹಾಗಿರಲಿಲ್ಲ. ಏಳನೆಯದು ಮಾತ್ರ ಗಂಟಲಲ್ಲೇ ನಿಂತಿತು: 'ಆರೈಕೆ ಎಂದರೇನು ಎಂಬುದನ್ನು ವಾರ್ಡನ್ ಕುಂದೂರು ಆಶ್ರಮಕ್ಕೆ ಹೋಗಿ ನೋಡಿ ಕಲಿಯುವುದು.'

ಎರಡು ಆಶ್ರಮಗಳನ್ನೂ ನಡೆಸುತ್ತಿದ್ದುದು ಒಂದೇ ಟ್ರಸ್ಟ್. ಮುಂದಿನ ವರ್ಷದಿಂದ ಒಂದನ್ನು ಮಾತ್ರ ಉಳಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಕುಂದೂರಿನಲ್ಲಿ ತೊಂಬತ್ತಾರು ವರ್ಷದ ಮುದುಕನೊಬ್ಬನಿದ್ದ. ಅವನ ಫೋಟೋ ಪತ್ರಿಕೆಯಲ್ಲಿ ಬಂದಾಗ ಟ್ರಸ್ಟಿನ ಅಧ್ಯಕ್ಷ ಶಾಂತಮಲ್ಲಪ್ಪನವರು, "ಆರೈಕೆ ಚೆನ್ನಾಗಿದ್ರೆ ಆಯಸ್ಸು ತಾನಾಗೇ ಬೆಳೀತದೆ" ಎಂದು ಸಭೆಯಲ್ಲಿ ಹೇಳಿದ್ದರು. ಜಯಕುಮಾರನಿಗೆ ಹನ್ನೊಂದು ವರ್ಷದ ಕೆಲಸ, ಆಶ್ರಮದ ಹಿಂದಿನ ವಾಸದ ಮನೆ ಎರಡೂ ಒಟ್ಟಿಗೇ ಕೈತಪ್ಪುವ ಕಾಲ ಬಂದಿತ್ತು.

ಹಂಡೆಗೆ ಬೆಸುಗೆ ಹಾಕಿಸಲು ಒಂದು ಮಧ್ಯಾಹ್ನ ಸಾಕಿತ್ತು. ಅದು ಅವನ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಬೇರೆಯೇ: ತೊಂಬತ್ತಾರಕ್ಕಿಂತ ನೂರು ದೊಡ್ಡದು.

ಮೂವತ್ತೊಂದು ಮಂದಿಯಲ್ಲಿ ಅವನು ಮಾದೇವಮ್ಮನನ್ನು ಆರಿಸಿದ. ಆಕೆಗೆ ಎಪ್ಪತ್ತಾರು. ಹುಟ್ಟಿದ್ದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ, ಆದ್ದರಿಂದ ಜಾತಕವಿಲ್ಲ; ಶಾಲೆಯ ಮೆಟ್ಟಿಲು ಹತ್ತಿಲ್ಲ, ಆದ್ದರಿಂದ ದಾಖಲಾತಿಯಿಲ್ಲ. ಆಕೆಯ ನಿಜವಾದ ವಯಸ್ಸು ಯಾರಿಗೆ ಗೊತ್ತಿರಬಹುದು ಎಂದು ಅವನು ಮೂರು ದಿನ ಕೂತು ವಿಚಾರಿಸಿದ. ಗಂಡ ಸತ್ತು ಇಪ್ಪತ್ತು ವರ್ಷ. ಮಕ್ಕಳಿಲ್ಲ. ಇಬ್ಬರು ತಮ್ಮಂದಿರೂ ತೀರಿಕೊಂಡಿದ್ದರು. ಜೊತೆಯಲ್ಲಿ ಕಾಫಿ ಕುಯ್ದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಹೇಳಿಸಿ, ಒಂದೊಂದನ್ನೂ ಹೊಡೆದುಹಾಕಿದ. ಕೂಲಿಯವರ ಲೆಕ್ಕ ಬರೆಯುತ್ತಿದ್ದ ಎಸ್ಟೇಟಿನ ಹಳೇ ರೈಟರ್ ಕೂಡ ಮಣ್ಣು ಸೇರಿದ್ದ. ಸಾಕ್ಷಿ ಹೇಳಬಲ್ಲ ಒಂದು ನಾಲಿಗೆಯೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಆಕೆಯ ಮುಂದೆ ವಿಷಯ ತೆಗೆದ.

ಮಾದೇವಮ್ಮ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು. "ನೂರು ಅಂದ್ರೆ ನಂಗೇನ್ ನೋವಾಯ್ತದಾ ವಾರ್ಡನಪ್ಪ? ಹಂಗೇ ಆಗ್ಲಿ ಬುಡು. ಆದ್ರೆ ದಿನಾ ಬಿಸ್ನೀರು ಬೇಕು ಕಣಪ್ಪ. ನೂರು ವರ್ಷದ ಮೈಗೆ ತಣ್ಣೀರು ಹುಯ್ಯಬಾರ್ದು."

ಆ ಮಾತಿನಲ್ಲಿ ನ್ಯಾಯವಿತ್ತು. ಜಯಕುಮಾರ್ ಹಂಡೆ ಸರಿಮಾಡಿಸಿದ.

ಇನ್ನು ದಾಖಲೆ. ಪಾಳುಬಿದ್ದ ಎಸ್ಟೇಟ್ ಸ್ಟೋರ್ ಒಂದರಿಂದ ಬರೆಯದೆ ಉಳಿದ ಹಳೇ ರಿಜಿಸ್ಟರ್ ತಂದ. ಹಾಳೆಗಳಿಗೆ ತಿಳಿ ಡಿಕಾಕ್ಷನ್ ಸವರಿ, ಒಲೆಯ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಹೊಗೆಗೆ ಇಟ್ಟ. ಅದ್ದಿ ಬರೆಯುವ ಪೆನ್ನಿನಲ್ಲಿ, ಎಡಗೈಯಿಂದ, ನಲವತ್ತು ಕೂಲಿಗಳ ಲೆಕ್ಕ ಬರೆದು ಅವರ ನಡುವೆ ಒಂದು ಸಾಲು ಸೇರಿಸಿದ: 'ಗಿಡ್ಡಯ್ಯನ ಹೆಂಡತಿಗೆ ಹೆಣ್ಣು ಕೂಸು, ಮಾದೇವಿ, 1903.' ಗಿಡ್ಡಯ್ಯ ಆಕೆಯ ಅಪ್ಪ. ಅವನೂ ಯಾವತ್ತೋ ಹೋಗಿದ್ದ. ಒಂದೆರಡು ಕಡೆ ಶಾಯಿ ಚೆಲ್ಲಿ, ಮೂಲೆಯಲ್ಲಿ ಗೆದ್ದಲು ಹಿಡಿಸಿದ. ತನ್ನ ಕೆಲಸಕ್ಕೆ ತಾನೇ ಮರುಳಾಗಿ, ಆಕೆ ಆಶ್ರಮ ಸೇರುವಾಗ ನಿಜವಾದ ವಯಸ್ಸು ಬರೆಸಿದ್ದ ಅರ್ಜಿಯನ್ನು ಒಲೆಗೆ ಹಾಕಿದ.

ಕಷ್ಟ ಬಂದದ್ದು ಊಹಿಸದ ಕಡೆಯಿಂದ. ದಿನಾ ಬಿಸಿನೀರು, ಬೆಳಿಗ್ಗೆ ಒಂದು ಮೊಟ್ಟೆ, ಸಂಜೆ ರಾಗಿ ಗಂಜಿ ಬಿದ್ದ ಮೇಲೆ ಮಾದೇವಮ್ಮನ ಕೆನ್ನೆಗಳು ತುಂಬಿಕೊಂಡವು. ಸೊಂಟನೋವು ಬಿಟ್ಟಿತು. ಆಕೆ ನೂರು ಮುಟ್ಟುವ ಬದಲು ಅರವತ್ತರ ಕಡೆಗೆ ಇಳಿಯುತ್ತಿದ್ದಳು. ಒಂದು ಬೆಳಿಗ್ಗೆ ಸೌದೆ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದವಳನ್ನು ಕಂಡು ಜಯಕುಮಾರ್ ಓಡಿಹೋದ.

"ಅಜ್ಜಿ, ಇಳಿಸಿ! ನಿಧಾನ ನಡೀರಿ. ಸ್ವಲ್ಪ ನಡುಗ್ರಿ."

"ನಡುಕ ಬಂದ್ರೆ ತಾನೇ ನಡುಗೋದು?" ಎಂದಳು ಮಾದೇವಮ್ಮ.

ಅವನು ಆಫೀಸಿಗೆ ಮರಳುವಷ್ಟರಲ್ಲಿ ಗಂಡಸರ ಕೋಣೆಯ ಗುಂಡಯ್ಯ ಬಂದು ಬಾಗಿಲಿಗೆ ಅಡ್ಡ ನಿಂತ. "ಅವಳಿಗೆ ನೂರು ಮಾಡಿದ್ದೀರಿ. ನಂಗೆ ನೂರಾ ಎಲ್ಡು ಹಾಕ್ಬುಡಿ ಸ್ವಾಮಿ. ಇಲ್ದಿದ್ರೆ ಅಧ್ಯಕ್ಷರ್ ಬಂದಾಗ ಬಾಯಿ ಬುಡ್ತೀನಿ."

ಒಂದೇ ಬೇಲಿಯೊಳಗೆ ಇಬ್ಬಿಬ್ಬರು ಶತಾಯುಷಿಗಳಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಗುಂಡಯ್ಯನ ವಯಸ್ಸು ಇದ್ದಲ್ಲೇ ಇರಲೆಂದು ಜಯಕುಮಾರ್ ಅಡುಗೆಯ ಪಂಕಜಾಕ್ಷಿಗೆ ಸಾರಿಗೆ ಬೇಳೆ ಹೆಚ್ಚಿಸಲು ಹೇಳಿದ. ಮರುದಿನ ಇನ್ನೂ ಏಳು ಮಂದಿ ತಮ್ಮ ತಮ್ಮ ವಯಸ್ಸು ಏರಿಸಿಕೊಂಡು ಸಾಲಾಗಿ ನಿಂತಿದ್ದರು. ಅವರ ಬಾಯಿ ಮುಚ್ಚಿಸಲು ಹೊಸ ಕಂಬಳಿ ಬಂತು, ವಾರಕ್ಕೊಮ್ಮೆ ಕ್ಷೌರಿಕ ಬಂದ, ತಿಂಗಳಿಗೆರಡು ಸಲ ಡಾಕ್ಟರು ಬಂದರು. ತನ್ನ ಅಪರಾಧವನ್ನು ಕಾಪಾಡಿಕೊಳ್ಳಲು ಜಯಕುಮಾರ್ ಬೆಳಗಿನಿಂದ ರಾತ್ರಿಯವರೆಗೆ ಮುದುಕರ ಸೇವೆ ಮಾಡಿದ. ಹನ್ನೊಂದು ವರ್ಷದಲ್ಲಿ ಅಷ್ಟು ದುಡಿದವನಲ್ಲ.

ಜನ್ಮಶತಮಾನೋತ್ಸವದ ದಿನ ಅಂಗಳದಲ್ಲಿ ಶಾಮಿಯಾನ ಎದ್ದಿತು. ಶಾಂತಮಲ್ಲಪ್ಪನವರು ಅರ್ಧ ಗಂಟೆ ಮೊದಲೇ ಬಂದು ಒಳಗೆಲ್ಲ ಸುತ್ತಾಡಿದರು. ಹಂಡೆಯ ನೀರಿಗೆ ಬೆರಳದ್ದಿ ನೋಡಿದರು, ಸಾರು ಕುಡಿದರು, ಗುಂಡಯ್ಯನ ಕೈ ಹಿಡಿದು ಉಗುರು ಪರೀಕ್ಷಿಸಿದರು.

"ಏನ್ ಜಯಕುಮಾರ್, ಇದು ಅದೇ ಆಶ್ರಮನೇನ್ರೀ? ಉಳಿಸ್ಕೊಳ್ಳೋದು ಇದನ್ನೇ. ನಾನು ಒಳಗೆ ಕಾಲಿಟ್ಟಾಗ್ಲೇ ತೀರ್ಮಾನ ಮಾಡ್ಬಿಟ್ಟೆ. ಈ ನೂರು ವರ್ಷ ಗೀರು ವರ್ಷ ಇಲ್ದಿದ್ರೂ ನಡೀತಿತ್ತು ಕಣ್ರೀ."

ಜಯಕುಮಾರ್ ನಕ್ಕ. ರಿಜಿಸ್ಟರನ್ನು ಬಚ್ಚಿಡಬೇಕೆಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಅಷ್ಟು ಚೆಂದದ ಕೆಲಸವನ್ನು ಯಾರಿಗೂ ತೋರಿಸದೆ ಇರುವುದು ಹೇಗೆ? ತಾನೇ ಅದನ್ನು ವೇದಿಕೆಗೆ ಹೊತ್ತು ತಂದ. ಅಧ್ಯಕ್ಷರು 1903ರ ಸಾಲನ್ನು ಗಟ್ಟಿಯಾಗಿ ಓದಿದರು, ಪತ್ರಿಕೆಯವರು ಬರೆದುಕೊಂಡರು, ಮಾದೇವಮ್ಮ ಹಾರದ ಭಾರಕ್ಕೆ ಎಂಬಂತೆ ತಲೆ ತಗ್ಗಿಸಿ ಚೆನ್ನಾಗಿಯೇ ನಡುಗಿದಳು.

ಚಪ್ಪಾಳೆ ನಿಲ್ಲುವ ಹೊತ್ತಿಗೆ ಸರಿಯಾಗಿ ಒಬ್ಬ ಹೆಂಗಸು ಶಾಮಿಯಾನದ ನಡುವೆ ನಡೆದು ಬಂದಳು. ಒಣಗಿದ ಮೈ, ಬೋಳು ಬಾಯಿ, ಕೈಯಲ್ಲಿ ಕೋಲು. ಹಿಂದೆ, ಸಮಾರಂಭದ ಸುದ್ದಿ ಕೇಳಿ ಅವಳನ್ನು ಕುಂದೂರಿನ ಮನೆಯಿಂದ ಬಸ್ಸಿನಲ್ಲಿ ಕರೆತಂದ ಮೊಮ್ಮಗ. ದಾರಿ ಬಿಡಿ ಎಂದು ಗದರಿದ ಅವಳ ದನಿ ಕಿವಿಗೆ ಬಿದ್ದದ್ದೇ ಮಾದೇವಮ್ಮ ಹಾರ ಕಿತ್ತಿಟ್ಟು, ಎಳೇ ಹುಡುಗಿಯಂತೆ ಎದ್ದು ನಿಂತಳು. "ಅವ್ವಾ! ನೀನ್ ಯಾಕ್ ಬಂದೆ?" ಜಯಕುಮಾರ್ ಗಂಡನ ವಿಷಯ ವಿಚಾರಿಸಿದ್ದ, ಮಕ್ಕಳ, ತಮ್ಮಂದಿರ, ಜೊತೆಗಾತಿಯರ, ಸತ್ತ ರೈಟರನ ವಿಷಯ ಕೂಡ ವಿಚಾರಿಸಿದ್ದ. ಎಪ್ಪತ್ತಾರು ವರ್ಷದವಳನ್ನು ನಿನ್ನ ತಾಯಿ ಇದ್ದಾಳೇನಮ್ಮ ಎಂದು ಯಾರು ಕೇಳುತ್ತಾರೆ? ಅವನೂ ಕೇಳಿರಲಿಲ್ಲ. ಅಡುಗೆ ಸರಿಯಿಲ್ಲವೆಂದು ದಿನಾ ಬೈಯುವ ಆ ಅವ್ವ ಭೂತಮ್ಮನ ಕಾಟ ತಾಳಲಾರದೆಯೇ ಮಾದೇವಮ್ಮ ಆಶ್ರಮ ಸೇರಿದ್ದಳು. ಭೂತಮ್ಮ ಕೋಲೂರಿಕೊಂಡು ವೇದಿಕೆ ಹತ್ತಿ, ಬ್ಯಾನರಿನ ಮೇಲಿದ್ದ ದಪ್ಪ ಅಂಕಿಯನ್ನು ಮೊಮ್ಮಗನಿಂದ ಇನ್ನೊಮ್ಮೆ ಓದಿಸಿಕೊಂಡು, ಮಗಳ ಕಡೆ ತಿರುಗಿದಳು. "ಏನೇ ಮಾದೇವಿ, ನಿಂಗೆ ನೂರಾದ್ರೆ ನಂಗೆಷ್ಟೇ?"