ಅತಿಥಿಗಳ ಪಟ್ಟಿಯಲ್ಲಿ ಮಾಳವಿಕಾ

ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಸಣ್ಣಗೆ 'ಟಿಣ್' ಎಂದಿತು. ಎಜ್‌ಬಾಸ್ಟನ್ನಿನ ಫ್ಲ್ಯಾಟಿನಲ್ಲಿ ಒಬ್ಬಳೇ ಕೂತಿದ್ದ ಮಾಳವಿಕಾ ಬೆಚ್ಚಿಬಿದ್ದಳು. ನಗರಾಡಳಿತದ ಕೌನ್ಸಿಲ್ಲಿನಲ್ಲಿ ಲೆಕ್ಕ ತಪಾಸಣೆಯ ಆಡಿಟ್ ವಿಭಾಗದವಳಿಗೆ ಅಷ್ಟು ಹೊತ್ತಿನಲ್ಲಿ ಬರುವ ಮೇಲ್ ಒಳ್ಳೆಯ ಸುದ್ದಿ ತಂದದ್ದೇ ಇಲ್ಲ.

ಹೋದ ವಾರದ ನೌಕರರ ಪ್ರಶಸ್ತಿ ಸಮಾರಂಭದ ತಿಂಡಿ ಬಿಲ್ಲು, ಅತಿಥಿಗಳ ಪಟ್ಟಿ ಸಮೇತ ತಪಾಸಣೆಗೆ ಬಂದಿತ್ತು. ಓದುತ್ತಿದ್ದಂತೆ ಆ ಸಂಜೆ ಮತ್ತೆ ಕಣ್ಣೆದುರು ಬಂತು. ಅರ್ಧ ಕಚ್ಚಿ ಬಿಟ್ಟ ಸಾಲ್ಮನ್ ತುಂಡುಗಳು, ಅವುಗಳ ಮೇಲೆ ಮುದುಡಿ ಎಸೆದ ನ್ಯಾಪ್‌ಕಿನ್‌ಗಳು, ಪುಕ್ಕಟೆ ವೈನ್ ಹೀರಿ ಕೆಂಪೇರಿದ ಮುಖಗಳು. ಅದೇ ತಿಂಗಳು ವೃದ್ಧರ ಡೇ ಸೆಂಟರಿನಲ್ಲಿ ಚಹಾದ ಜೊತೆಗಿನ ಬಿಸ್ಕತ್ತನ್ನು 'ಉಳಿತಾಯ'ವೆಂದು ನಿಲ್ಲಿಸಿದ್ದರು. ಥೂ.

ಪ್ರಶಸ್ತಿ ಪಡೆದವರಿಗೆ ಮತ್ತು ಅವರ ಮನೆಯವರೊಬ್ಬರಿಗೆ ಮಾತ್ರ ಕೌನ್ಸಿಲ್ ಹಣದಲ್ಲಿ ತಿಂಡಿ ಎಂಬುದು ನಿಯಮ. ಪಟ್ಟಿಯಲ್ಲಿ ಡೈರೆಕ್ಟರ್‌ನ ಗಾಲ್ಫ್ ಗೆಳೆಯರೆಲ್ಲ ಯಾರ್ಯಾರಿಗೋ ಅಣ್ಣ, ಭಾವ ಆಗಿದ್ದರು. ಕೊನೆಯ ಪುಟದಲ್ಲಿ ಅವಳದೇ ಹೆಸರಿತ್ತು.

'ಸ್ವರೂಪ್, ಪಾರ್ಕ್ಸ್ ವಿಭಾಗ, ಹತ್ತು ವರ್ಷದ ಸೇವೆ. ಅತಿಥಿ: ಮಾಳವಿಕಾ. ಸಂಬಂಧ: ಪಾರ್ಟ್‌ನರ್.'

ಬಾಳಸಂಗಾತಿಯಂತೆ! ಎಂಟು ತಿಂಗಳಿಂದ ಕ್ಯಾಂಟೀನಿನಲ್ಲಿ ಎದುರು ಕೂತು, ಅವಳ ಕಣ್ಣಲ್ಲಿ ಕಣ್ಣಿಟ್ಟೇ ಅವಳ ಡಬ್ಬಿಯ ಪುಳಿಯೋಗರೆಗೆ ಕೈಹಾಕುವ ಮಂಗಳೂರಿನವನು. "ಬಾ, ಸ್ಟಾಫನ್ನೆಲ್ಲ ಕರೆದಿದ್ದಾರೆ" ಎಂದಷ್ಟೇ ಸಮಾರಂಭದ ಬಗ್ಗೆ ಹೇಳಿದ್ದ.

ಮರುದಿನ ಮಧ್ಯಾಹ್ನ ಕೆನಾಲ್ ದಂಡೆಯ ಬೆಂಚಿಗೆ ಅವನನ್ನು ಕರೆದಳು.

"ನೀನು ತುಂಬಿದ ಅತಿಥಿ ಫಾರಂ ಓದಿದೆ."

ಅವನ ಕಿವಿ ಕೆಂಪಾಯಿತು. "ಬಾಯಲ್ಲಿ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ ಮಾರಾಯ್ತಿ."

"ಅದಕ್ಕೆ ಊರವರ ಕೌನ್ಸಿಲ್ ಟ್ಯಾಕ್ಸಲ್ಲಿ ಪ್ರಪೋಸ್ ಮಾಡಿದ್ಯಾ? ಅಸಹ್ಯ ಆಗುತ್ತೆ ನಂಗೆ. ಆ ಗಾಲ್ಫಿನವರಿಗೂ ನಿನಗೂ ಏನು ವ್ಯತ್ಯಾಸ?"

"ಅವ್ರು ಆರಾರು ಪ್ಲೇಟ್ ತಿಂದ್ರು. ನೀನು ಎರಡು ತುಂಡು."

"ನಗಿಸಬೇಡ. ಆ ಎರಡು ತುಂಡೂ ಊರವರ ದುಡ್ಡೇ. ಪಟ್ಟಿಯಲ್ಲಿ ನನಗೆ ಸಂಬಂಧಪಟ್ಟವರು ಇದ್ದಾರಾ ಅಂತ ನಾನು ಡಿಕ್ಲೇರ್ ಮಾಡಬೇಕು. ಹೌದು ಅಂದ್ರೆ ಫೈಲ್ ನನ್ನ ಕೈ ತಪ್ಪುತ್ತೆ, ಡೈರೆಕ್ಟರ್ ಕಡೆಯವರು ಇಡೀ ಬಿಲ್ ಪಾಸ್ ಮಾಡ್ತಾರೆ. ಇಲ್ಲ ಅಂದ್ರೆ ಫಾರಂನಲ್ಲಿ ನೀನು ಸುಳ್ಳು ಬರೆದೆ ಅಂತ ಮೊದಲು ನಿನ್ನನ್ನೇ ಹಿಡೀತಾರೆ. ನಿನ್ನ ಕೆಲಸವೂ ಹೋಗಬಹುದು."

ಸ್ವರೂಪನ ನಗು ಮಾಯವಾಯಿತು. "ಇಲ್ಲ ಅಂತ ಬರಿ."

"ಹುಚ್ಚಾ?"

"ನಾನು ಬರೆದದ್ದು ಸುಳ್ಳೇ ಅಲ್ವಾ?" ಎಂದು ತಿರುಗಿ ಅವಳ ಕಣ್ಣೊಳಗೇ ನೋಡಿದ. ರೆಪ್ಪೆ ಮಿಟುಕಿಸದ ಆ ನೋಟಕ್ಕೆ ಅವಳ ಕೋಪ ಕಾಲು ಜಾರಿತು.

"ಆ ದಿನ ಸುಳ್ಳು," ಎಂದಳು ಮೆಲ್ಲಗೆ.

"ಇವತ್ತು?"

ಕೈ ಹಿಡಿಯಬೇಕೆನಿಸಿತು. ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. "ತನಿಖೆ ಮುಗಿಯಲಿ. ಕೆಲಸ ಇರಲಿ, ಹೋಗಲಿ, ಬಂದು ಕೇಳು. ಬಾಯಲ್ಲಿ ಕೇಳು. ಅಲ್ಲೀವರೆಗೂ ಕ್ಯಾಂಟೀನಿಗೆ ಬರಬೇಡ."

"ಪುಳಿಯೋಗರೆ?"

"ಸ್ವರೂಪ್, ಹೋಗು."

ಅವನು ಹೋದ. ಎರಡು ಸಲ ಹಿಂತಿರುಗಿ ನೋಡಿದ.

ಸಂಜೆ ಅವಳು 'ಇಲ್ಲ' ಎಂದು ಗುರುತು ಹಾಕಿ, ತಾನು ತಿಂದದ್ದನ್ನೂ ಬರೆದು, ಫೈಲನ್ನು ತನಿಖೆಗೆ ಕಳಿಸಿದಳು. ಅದಕ್ಕೆ ಮುಂಚೆ ಪೂರ್ತಿ ಐದು ನಿಮಿಷ ಪರದೆಯ ಮೇಲೆ 'ಹೌದು' ಎಂದಿತ್ತು. ಅವನೊಬ್ಬ ಉಳಿದರೆ ಸಾಕು, ಆ ಗಾಲ್ಫಿನವರೆಲ್ಲ ತಿಂದುಕೊಂಡು ಹಾಳಾಗಲಿ ಎಂದು ಅವಳ ಬೆರಳು ಗುಂಡಿಯ ಮೇಲೇ ಇತ್ತು. ತನ್ನ ಬಗ್ಗೆಯೇ ಹೇಸಿಗೆಯಾಗಿ ಬೆರಳು ತೆಗೆದಿದ್ದಳು.

ಆ ಐದು ನಿಮಿಷದ ವಿಷಯ ಯಾರಿಗೂ ಹೇಳಬಾರದು, ಸ್ವರೂಪನಿಗಂತೂ ಎಂದೆಂದಿಗೂ, ಎಂದು ನಿರ್ಧರಿಸಿ ಅವಳು ದೀಪ ಆರಿಸಿದಳು.