ಪೆಡಲ್ ಇಲ್ಲದ ಸೈಕಲ್ ಏರಿದ ದಾರಿ

ಬಂದ ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಚೀಲದಿಂದ ಒಂದು ಜೊತೆ ಷೂ ತೆಗೆದು ಅತ್ತಿಗೆಯ ಮೇಜಿನ ಮೇಲಿಟ್ಟಳು. ಒಣಗಿದ ಕೆಸರು ಮೇಜಿನ ಮೇಲೆ ಉದುರಿತು.

"ನಮ್ಮನೆಯವರದು," ಎಂದಳು. "ಕೊನೇ ದಿನ ಕಾಲಲ್ಲಿದ್ದದ್ದು. ಪೊಲೀಸರು ವಾಪಸ್ ಕೊಟ್ರು."

ಕಾಫಿ ತರಲು ಎದ್ದಿದ್ದ ನಾದಿನಿ ಅಲ್ಲೇ ನಿಂತಳು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಪೊಲೀಸ್ ಕೆಲಸ ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಪತ್ತೇದಾರಿಕೆ ನಡೆಸುತ್ತಿದ್ದರು. ಬೀದಿಗೆಲ್ಲ ಅವರು ಪತ್ತೆಯಮ್ಮ. ನಾದಿನಿ ಅವರ ಕಾರು ಓಡಿಸುತ್ತಿದ್ದಳು, ಬಂದವರನ್ನು ಸಮಾಧಾನ ಮಾಡುತ್ತಿದ್ದಳು, ಅತ್ತಿಗೆ ಎಲ್ಲೋ ಇಟ್ಟು ಮರೆತ ಕನ್ನಡಕ ಹುಡುಕಿಕೊಡುತ್ತಿದ್ದಳು. ಸತ್ತವರ ಷೂ ಮನೆಯೊಳಗೆ ಬಂದದ್ದು ಇದೇ ಮೊದಲು.

ಸತ್ತವನು ಊರಿನ ಸೈಕಲ್ ಮೇಷ್ಟ್ರು. ಸ್ನೇಹಿತನ ಜೊತೆ ಪಾಲಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ, ಮಕ್ಕಳಿಗೆ ಗುಡ್ಡದ ಮೇಲೆ ಸೈಕಲ್ ಓಡಿಸುವುದನ್ನು ಕಲಿಸುತ್ತಿದ್ದ. ಹೋದ ತಿಂಗಳು ಮಂಜು ಕವಿದ ಒಂದು ಬೆಳಗ್ಗೆ ಹಳೇ ಕಲ್ಲುಕ್ವಾರಿಯ ಮೇಲಿಂದ ಬಿದ್ದು ಸತ್ತಿದ್ದ. ಪಕ್ಕದಲ್ಲಿ ಅಂಗಡಿಗೆ ಆಗಷ್ಟೇ ಬಂದಿದ್ದ ಭಾರೀ ಬೆಲೆಯ ಗುಡ್ಡಗಾಡಿನ ಸೈಕಲ್ ಬಿದ್ದಿತ್ತು. ಅದಕ್ಕೆ ಪೆಡಲ್ ಇರಲಿಲ್ಲ.

"ಪೆಡಲ್ ಇಲ್ಲದ ಸೈಕಲ್ಲು ಅಷ್ಟು ದೂರ ಹೆಂಗೆ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ," ಎಂದಳು ಹೆಂಗಸು. "ಕೆಸರಲ್ಲಿ ಟೈರಿನ ಗುರುತು ಎಲ್ಲೂ ತುಂಡಾಗದೆ ಅಂಚಿನ ತನಕ ಇತ್ತು. ಹೆಜ್ಜೆ ಗುರುತು ಒಂದೂ ಇಲ್ಲ. ಕ್ವಾರಿಯಲ್ಲಿ ಸತ್ತೋರು ಎಳ್ಕೊಂಡು ಹೋದ್ರು ಅಂತ ಕೆಲವರು. ಇನ್ನು ಕೆಲವರು…" ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಬೇಕಂತಲೇ ಹೋಗಿ ಬಿದ್ರು ಅಂತಾರೆ. ಮಗಳ ಕಿವಿಗೆ ಎರಡೂ ಬಿದ್ದಿದೆ. ಭೂತದ ಮಾತು ಹೋಗ್ಲಿ, ಅಪ್ಪ ನಮ್ಮನ್ನ ಬೇಕಂತ ಬಿಟ್ಟು ಹೋದ್ರಾ ಅಂತ ಕೇಳ್ತಾಳೆ. ನಾನೇನು ಹೇಳ್ಲಿ?"

ಬಾಗಿಲ ಹೊರಗೆ ಕೂತಿದ್ದ ಹುಡುಗಿ ತಲೆ ಒಳಗೆ ಹಾಕಿದಳು. "ಮನೆಯಲ್ಲಿರೋ ಹಳೇ ಸೈಕಲ್ಲಿಗೂ ಪೆಡಲ್ ಇಲ್ಲ. ಮೊದಲು ಇತ್ತು. ಅದನ್ನೂ ಅದೇ ತಿಂದಿದೆ."

"ಯಾವುದು ಪುಟ್ಟಾ?" ಎಂದರು ಅತ್ತಿಗೆ.

"ಕ್ವಾರಿಯಲ್ಲಿ ಇರೋದು."

ಅತ್ತಿಗೆ ನಗಲಿಲ್ಲ. ಷೂ ಮಗುಚಿ ನೋಡಿದರು. ಅಡಿಯಲ್ಲಿ ಪುಟ್ಟ ಲೋಹದ ಕೊಂಡಿ ಕೂರಿಸಿತ್ತು. ಎಡಗಾಲಿನ ಕೊಂಡಿಯ ಅಂಚು ಹೊಸದಾಗಿ ಕೆರೆದು ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನಾದಿನಿಯೂ ನೋಡಿದಳು. ಏನೂ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಕುಂಟುತ್ತಲೇ ಗುಡ್ಡಕ್ಕೆ ದಾರಿ ತೋರಿಸಿದವನು ಮೇಷ್ಟ್ರ ತಮ್ಮ. ಗುಡ್ಡದ ಬುಡದ ಗೇಟು ದಾಟುತ್ತಿದ್ದಂತೆ ಮಂಜು ಮುಖಕ್ಕೆ ಒದ್ದೆ ಬಟ್ಟೆಯಂತೆ ಅಂಟಿತು. ಕಾಲುದಾರಿ ಏರುತ್ತಾ ಏರುತ್ತಾ ಹೋಗಿ ಒಂದು ಬಂಡೆಯ ಹತ್ತಿರ ಥಟ್ಟನೆ ಮುಗಿಯುತ್ತಿತ್ತು. ಬಂಡೆಯಾಚೆ ಬರೀ ಬಿಳುಪು. ನಾದಿನಿ ಒಂದು ಬೆಣಚುಕಲ್ಲು ಎಸೆದಳು. ಅದು ಎಲ್ಲೂ ಬಿದ್ದ ಸದ್ದೇ ಬರಲಿಲ್ಲ. ಅವಳು ಸದ್ದಿಲ್ಲದೆ ಅತ್ತಿಗೆಯ ಸೆರಗು ಹಿಡಿದುಕೊಂಡಳು.

"ಇಳಿಜಾರಾಗಿದ್ರೆ ಉರುಳ್ಕೊಂಡು ಬಂದ್ರು ಅನ್ನಬಹುದಿತ್ತು," ಎಂದರು ಅತ್ತಿಗೆ. "ಇದು ಏರು. ತುಳೀದೆ ಇಲ್ಲಿಗೆ ಬರೋಕಾಗಲ್ಲ."

"ಅದಕ್ಕೇ ಜನ ಹೆದರೋದು," ಎಂದ ತಮ್ಮ. "ನನಗೆ ಮಂಡಿನೋವು, ಅದಕ್ಕೆ ನಾನೂ ಧೊಪ್ಪಣ್ಣನೂ ಕೆಳಗಿನ ರಸ್ತೆಯಲ್ಲಿ ಹೋಗಿ ಕ್ವಾರಿ ತಳದಲ್ಲಿ ಕಾಯ್ತೀವಿ. ಅಣ್ಣ ಈ ದಾರೀಲಿ ಒಬ್ಬನೇ ಬಂದು, ಈ ಬಂಡೆ ಮೇಲೆ ಎಡಗಾಲು ಊರಿ, ಕೂ ಅಂತಾನೆ. ನಾವು ಕೂ ಅಂತೀವಿ. ದಿನಾ ಹಾಗೇ. ಅವತ್ತು ಕೂ ಬರಲಿಲ್ಲ. ಮಂಜಿನೊಳಗಿಂದ ಚಕ್ರ ತಿರುಗೋ ಸದ್ದು ಬಂತು. ನೆಲದ ಮೇಲಲ್ಲ, ಗಾಳಿಯಲ್ಲಿ. ಆಮೇಲೆ…"

"ಧೊಪ್ಪಣ್ಣ ಯಾರು?"

"ಅಣ್ಣನ ಪಾಲುದಾರ. ಒಂದ್ಸಲ ಮಕ್ಕಳೆದುರು ಷೂ ಪೆಡಲಿನಿಂದ ಬಿಡಿಸ್ಕೊಳ್ಳೋಕೆ ಆಗದೆ ಸೈಕಲ್ ಸಮೇತ ಧೊಪ್ಪ ಅಂತ ಬಿದ್ದ. ಅಣ್ಣ ಇಟ್ಟ ಹೆಸರು. ಈಗ ಅವನ ಹೆಂಡತಿಯ ತವರಿನವರೂ ಹಾಗೇ ಕರೀತಾರೆ." ಅವನು ನಗಲು ನೋಡಿ ನಿಲ್ಲಿಸಿದ. "ಪಾಪ, ಅವನೇ ಮುಂದೆ ಓಡಿದ್ದು. ನಾನು ಕುಂಟಿಕೊಂಡು ಹೋಗೋ ಹೊತ್ತಿಗೆ ಅಣ್ಣನ ಪಕ್ಕ ಕೂತಿದ್ದ. ಕೈಯೆಲ್ಲ ಕಪ್ಪು ಮಾಡ್ಕೊಂಡಿದ್ದ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಪೆಡಲಿಲ್ಲದ ಸೈಕಲ್ಲು. ಮೈ ಜುಮ್ಮಂತು."

"ಹೊರಡೋ ಮುಂಚೆ ಗೇಟಿನ ಹತ್ತಿರ ಏನಾದ್ರೂ ಆಯ್ತಾ?"

"ಏನಿಲ್ಲ. ಅಣ್ಣ ಗೇಟಿನವನನ್ನ ಎಬ್ಬಿಸೋಕೆ ಹೋದ. ಅಷ್ಟು ಹೊತ್ತು ಧೊಪ್ಪಣ್ಣ ಹೊಸ ಸೈಕಲ್ ಹಿಡ್ಕೊಂಡು ನೋಡ್ತಿದ್ದ. ನಾನು ಮಂಡಿಗೆ ಪಟ್ಟಿ ಕಟ್ಕೊಳ್ತಿದ್ದೆ."

"ಪೆಡಲ್ ಆಗ ಇತ್ತಾ?"

ತಮ್ಮ ಮಂಡಿ ಉಜ್ಜಿಕೊಂಡ. "ಮಂಜು… ಕತ್ತಲು ಪೂರ್ತಿ ಹರಿದಿರಲಿಲ್ಲ. ಆಣೆ ಮಾಡಿ ಹೇಳೋಕಾಗಲ್ಲ."

ಅಂಗಡಿಯಲ್ಲಿ ಸೈಕಲ್ಲುಗಳು ಗೋಡೆಯ ಕೊಕ್ಕೆಗಳಿಂದ ಸಾಲಾಗಿ ನೇತಾಡುತ್ತಿದ್ದವು. ಕಡಿಮೆ ಬೆಲೆಯವಕ್ಕೆ ಪೆಡಲ್ ಇತ್ತು. ಒಳಗಿನ ಸಾಲಿನ ದುಬಾರಿ ಸೈಕಲ್ಲುಗಳಿಗೆ ಇರಲಿಲ್ಲ. ಪೆಡಲ್ ಇರಬೇಕಾದ ಕಡೆ ದುಂಡನೆಯ ಕಪ್ಪು ತೂತುಗಳು ತನ್ನನ್ನೇ ನೋಡುತ್ತಿವೆ ಎನ್ನಿಸಿ ನಾದಿನಿ ಬೆನ್ನನ್ನು ಗೋಡೆಗೆ ಒತ್ತಿ ನಿಂತಳು.

"ಇಷ್ಟು ದುಡ್ಡು ತಗೊಂಡು ಪೆಡಲ್ ಕೊಡಲ್ವಾ?" ಎಂದಳು.

ಮೆಕ್ಯಾನಿಕ್ ಕೈ ಒರೆಸಿಕೊಂಡು ನಕ್ಕ. "ಎಲ್ಲರೂ ಇದನ್ನೇ ಕೇಳೋದು ಅಕ್ಕಾ. ಪೆಡಲ್ ಅನ್ನೋದು ಚಪ್ಪಲಿ ಇದ್ದಂಗೆ, ಅವರವರ ಕಾಲಿಗೆ ಅವರವರದು. ಒಬ್ಬರಿಗೆ ಷೂ ಕೊಂಡಿ ಕಚ್ಚಿ ಹಿಡಿಯೋದು ಬೇಕು, ಅದರಲ್ಲೂ ನಾನಾ ಥರ, ಒಂದರ ಕೊಂಡಿ ಇನ್ನೊಂದಕ್ಕೆ ಕೂರಲ್ಲ. ಇನ್ನೊಬ್ಬರಿಗೆ ಸುಮ್ನೆ ಚಪ್ಪಟೆ ಬೇಕು. ಕಂಪನಿಯವರು ಏನು ಹಾಕಿದ್ರೂ ಬಿಚ್ಚಿ ಎಸೀತಾರೆ. ಅದಕ್ಕೇ ಹಾಕೋದೇ ಇಲ್ಲ. ಹಳೇ ಸೈಕಲ್ಲಿಂದ ತಮ್ಮದನ್ನ ಬಿಚ್ಚಿ ಹೊಸದಕ್ಕೆ ತಾವೇ ಹಾಕ್ಕೋತಾರೆ. ಓಡಿಸಿ ನೋಡೋಕೆ ಬಂದೋರಿಗೆ ನಾವು ಇದರಿಂದ ಹಾಕಿಕೊಡ್ತೀವಿ." ಅವನು ಮೇಜಿನ ಮೇಲಿನ ಅಗಲ ತಟ್ಟೆ ತೋರಿಸಿದ. ಹಳೆಯ ಪೆಡಲ್‌ಗಳು ಅದರಲ್ಲಿ ರಾಶಿ ಬಿದ್ದಿದ್ದವು. "ಕಚ್ಚೋ ಪೆಡಲ್‌ಗೆ ಸಣ್ಣ ಸ್ಕ್ರೂ ಇರುತ್ತೆ. ಬಿಗಿ ಮಾಡಿದಷ್ಟೂ ಷೂ ಬಿಡಲ್ಲ. ಹೊಸಬರು ಬೀಳ್ತಾರೆ ಅಂತ ಇವನ್ನೆಲ್ಲ ಸಡಿಲ ಇಟ್ಟಿದ್ದೀನಿ."

"ಅವತ್ತು ಸೈಕಲ್ ತರೋಕೆ ನೀನೇ ಹೋಗಿದ್ದಾ?"

"ಫೋನ್ ಬಂದ ಮೇಲೆ ವ್ಯಾನ್ ತಗೊಂಡು ಹೋದೆ. ಬಿದ್ದ ಹೊಡೆತಕ್ಕೆ ಕಿತ್ತು ಹೋಗಿರ್ಬೇಕು ಅಂತ ಪೆಡಲ್‌ಗೆ ಕಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಆಮೇಲೆ ನೋಡಿದ್ರೆ ತೂತಿನ ಥ್ರೆಡ್ ಒಂಚೂರೂ ಕೆಟ್ಟಿಲ್ಲ. ಎಡಗಡೆಯದು ಉಲ್ಟಾ ತಿರುಗಿಸಬೇಕು, ಗೊತ್ತಿಲ್ಲದೋರು ಮುಟ್ಟಿದ್ರೆ ಹಾಳಾಗುತ್ತೆ."

ಧೊಪ್ಪಣ್ಣ ಗಲ್ಲಾದ ಹಿಂದಿನಿಂದ ಎದ್ದು ಬಂದ. ನಿದ್ದೆಗೆಟ್ಟ ಕಣ್ಣು, ಮೆತ್ತನೆಯ ಮಾತು. ತಳದಲ್ಲಿ ಕಂಡದ್ದನ್ನು ಹೇಳಿ ಎಂದರೆ ಒಂದೂ ಬಿಡದೆ ಹೇಳಿದ: "ಹ್ಯಾಂಡಲ್ ಸೊಟ್ಟಗಾಗಿತ್ತು. ಮುಂದಿನ ಚಕ್ರ ಮಡಚಿಕೊಂಡಿತ್ತು. ಬ್ರೇಕಿನ ವೈರು ಕಿತ್ತಿತ್ತು, ಸೀಟು ಹರಿದಿತ್ತು. ಉಳಿದದ್ದೆಲ್ಲ ಸರಿಯಾಗೇ ಇತ್ತು."

"ಉಳಿದದ್ದೆಲ್ಲ?"

"ಹೂಂ ಮೇಡಂ."

ಹೊರಗೆ ಕಾರಿನಲ್ಲಿ ಕೂತ ಮೇಲೆ ಅತ್ತಿಗೆ, "ಇನ್ಸ್‌ಪೆಕ್ಟರಿಗೆ ಫೋನ್ ಮಾಡೇ," ಎಂದರು. "ಎಲ್ಲರನ್ನೂ ನಾಳೆ ಅಂಗಡಿಗೇ ಕರೆಸಲಿ. ಆ ತಟ್ಟೆಗೆ ಇವತ್ತೇ ಒಬ್ಬ ಪೇದೆ ಕಾವಲಿರಲಿ."

"ಭೂತಕ್ಕೂ ಕಾವಲಾ ಅತ್ತಿಗೆ?"

"ಭೂತಕ್ಕೆ ಎಡಗಡೆ ಪೆಡಲ್ ಉಲ್ಟಾ ತಿರುಗಿಸಬೇಕು ಅಂತ ಗೊತ್ತಿರುತ್ತಾ ಹೇಳು."

ಮರುದಿನ ಅಂಗಡಿಯ ಅರ್ಧ ಬಾಗಿಲು ಎಳೆದು ಎಲ್ಲರೂ ಕೂತರು: ಮೇಷ್ಟ್ರ ಹೆಂಡತಿ, ತಮ್ಮ, ಧೊಪ್ಪಣ್ಣ, ಮೆಕ್ಯಾನಿಕ್, ಇನ್ಸ್‌ಪೆಕ್ಟರ್. ತಲೆಯ ಮೇಲೆ ಸೈಕಲ್ಲುಗಳು ಗಾಳಿಗೆ ತುಸುವೇ ಅಲುಗುತ್ತಿದ್ದವು.

"ಭೂತದ ಕತೆ ಮೊದಲು ಮುಗಿಸೋಣ," ಎಂದರು ಅತ್ತಿಗೆ. "ದಾರಿ ಏರು. ಪಕ್ಕದಲ್ಲಿ ಹೆಜ್ಜೆ ಇಲ್ಲ. ಅಂದ್ಮೇಲೆ ಮೇಷ್ಟ್ರು ತುಳಿದುಕೊಂಡೇ ಹೋದ್ರು, ಪೆಡಲ್ ಇತ್ತು. ಯಾವ ಪೆಡಲ್? ಮನೆಯ ಹಳೇ ಸೈಕಲ್ಲಿಂದ ಬಿಚ್ಚಿದ ಅವರದೇ ಪೆಡಲ್. ಮಗು ಅದನ್ನ ಮೊದಲೇ ನಮಗೆ ಹೇಳಿದೆ. ಹಾಗಾದ್ರೆ ಅವರು ಬಿದ್ದ ಮೇಲೆ ಯಾರೋ ಬಿಚ್ಚಿದ್ದಾರೆ. ತಳದಲ್ಲಿ ಬರೀ ಬಂಡೆ, ಹೆಜ್ಜೆ ಮೂಡಲ್ಲ. ಥ್ರೆಡ್ ಕೆಟ್ಟಿಲ್ಲ, ಬಿಚ್ಚಿದೋರು ಕೆಲಸ ಬಲ್ಲೋರು, ಜೇಬಲ್ಲಿ ಸ್ಪ್ಯಾನರ್ ಇಟ್ಕೊಳ್ಳೋರು."

"ಯಾಕೆ ಬಿಚ್ಚಬೇಕು?" ಎಂದ ಇನ್ಸ್‌ಪೆಕ್ಟರ್.

"ಅವು ಏನೋ ಹೇಳ್ತಿದ್ದವು, ಅದಕ್ಕೆ. ಅಂಚಿನ ಹತ್ತಿರ ಟೈರಿನ ಗುರುತು ನೀವು ಅವತ್ತು ತೆಗೆದ ಫೋಟೋದಲ್ಲಿ ಅಗಲವಾಗಿದೆ. ಬ್ರೇಕ್ ಹಿಡಿದಿದ್ದಾರೆ. ಬಂಡೆ ಮೇಲೆ ಎಡಗಾಲು ಊರೋಕೆ ಹೋಗಿದ್ದಾರೆ. ಕಾಲು ಬರಲಿಲ್ಲ. ನಿಂತ ಸೈಕಲ್ಲು ಹಾಗೇ ಬಂಡೆಯಾಚೆಗೆ ವಾಲಿತು. ಅಲ್ಲಿ ನೆಲ ಇರಲಿಲ್ಲ. ಷೂ ಪೆಡಲ್ ಬಿಟ್ಟದ್ದು ತಳಕ್ಕೆ ಬಿದ್ದ ಹೊಡೆತಕ್ಕೇ."

ಅವರು ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡು ಸತ್ತವನ ಎಡಗಾಲಿನ ಷೂ ಕೈಗೆ ತೊಟ್ಟರು. ಒಂದು ಪೆಡಲಿಗೆ ಒತ್ತಿದರು, ಕೊಂಡಿ ಕೂರಲಿಲ್ಲ. ಇನ್ನೊಂದಕ್ಕೆ ಒತ್ತಿದರು. ಟಕ್. ಮಣಿಕಟ್ಟು ತಿರುಗಿಸಿದರು, ಬಿಟ್ಟಿತು. ಮತ್ತೊಂದು. ಟಕ್. ಬಿಟ್ಟಿತು. ಷೂ ತಾನಾಗಿಯೇ ತನ್ನ ಜಾಗ ಹುಡುಕುತ್ತಿದೆ ಎಂದು ನಾದಿನಿಗೆ ಅನ್ನಿಸಿತು. ತಟ್ಟೆಯ ತಳದಿಂದ ತೆಗೆದ ಪೆಡಲಿಗೆ ಅತ್ತಿಗೆ ಮೈಭಾರ ಹಾಕಿ ಒತ್ತಬೇಕಾಯಿತು.

ಟಕ್.

ತಿರುಗಿಸಿದರು. ಬಿಡಲಿಲ್ಲ. ಮೆಕ್ಯಾನಿಕ್ ಬಂದು ಎರಡೂ ಕೈಯಲ್ಲಿ ತಿರುಚಿದ. ಬಿಡಲಿಲ್ಲ. ಅವನು ಪೆಡಲನ್ನು ಬೆಳಕಿಗೆ ಹಿಡಿದ. "ಸ್ಕ್ರೂ ಕೊನೇ ತನಕ ಬಿಗಿದಿದ್ದಾರೆ. ತಲೆ ಸವೆದು ದುಂಡಗಾಗಿದೆ. ಇನ್ನು ಇದನ್ನ ಸಡಿಲ ಮಾಡೋಕಾಗಲ್ಲ. ಇದು ಮೇಷ್ಟ್ರದೇ, ಈ ಗೀರು ನಂಗೊತ್ತು."

"ಅದಕ್ಕೇ ಪೆಡಲ್‌ನ ಬಿಚ್ಚಬೇಕಾಯ್ತು," ಎಂದರು ಅತ್ತಿಗೆ. "ಸ್ಕ್ರೂ ಸಡಿಲ ಮಾಡೋಕಾಗಿದ್ರೆ ಅಲ್ಲೇ ಮಾಡಿ ಸುಮ್ಮನಾಗ್ತಿದ್ರು. ಮೆಕ್ಯಾನಿಕ್ ಗೇಟಿನ ಹತ್ತಿರ ಇರಲೇ ಇಲ್ಲ. ತಮ್ಮ ಕುಂಟುತ್ತಾ ಆಮೇಲೆ ಬಂದದ್ದು. ಗೇಟಿನಲ್ಲಿ ಸೈಕಲ್ ಹಿಡಿದೋರು, ತಳಕ್ಕೆ ಮೊದಲು ಮುಟ್ಟಿದೋರು, ಕೈಗೆ ಗ್ರೀಸ್ ಮೆತ್ತಿಕೊಂಡೋರು ಒಬ್ಬರೇ." ಅವರು ಧೊಪ್ಪಣ್ಣನತ್ತ ತಿರುಗಿದರು. "ಆ ಸೈಕಲ್ ನೋಡಿದ ಊರೋರೆಲ್ಲ ಪೆಡಲ್ ಇಲ್ಲ ಅಂತ ಬೆಚ್ಚಿಬಿದ್ರು. ನೀವು ಮಾತ್ರ ಉಳಿದದ್ದೆಲ್ಲ ಸರಿಯಾಗಿತ್ತು ಅಂದ್ರಿ. ದಿನಾ ಡಬ್ಬಿ ಒಡೆದು ಪೆಡಲಿಲ್ಲದ ಸೈಕಲ್ ತೆಗೆಯೋ ಕಣ್ಣಿಗೆ ಅದು ಪೂರ್ತಿ ಸೈಕಲ್ಲೇ. ಬಿಚ್ಚಿದ ಮೇಲೆ ಎಲ್ಲ ಸರಿಹೋಯ್ತು ಅಂದ್ಕೊಂಡ್ರಿ."

ಧೊಪ್ಪಣ್ಣ ಷೂವಿನಿಂದ ಕಣ್ಣು ಕೀಳಲಿಲ್ಲ.

"ತಟ್ಟೆಯ ರಾಶಿಯೊಳಗೆ ಬಚ್ಚಿಟ್ಟಿದ್ದೆ. ಆಮೇಲೆ ಬಿಸಾಡೋಕೆ ಹೋದೆ," ಎಂದ. "ಮತ್ತೆ ಮುಟ್ಟೋಕೆ ಕೈ ಬರಲಿಲ್ಲ. ಒಬ್ಬನೇ ಕೂತಿದ್ರೆ ತಟ್ಟೆಯೊಳಗಿಂದ ಟಕ್ ಅನ್ನುತ್ತೆ. ದಿನಾ. ನೀವು ನಂಬಲ್ಲ." ಅವನು ಮೇಷ್ಟ್ರ ಹೆಂಡತಿಯತ್ತ ತಿರುಗಿದ. "ಬೀಳ್ಲಿ, ನಾಲ್ಕು ಜನ ನಗಲಿ ಅಂತ ಅಷ್ಟೇ ಅತ್ತಿಗೆಮ್ಮ. ನನ್ನ ಮಗನೂ ಸ್ಕೂಲಲ್ಲಿ ಧೊಪ್ಪಣ್ಣನ ಮರಿ. ಒಂದ್ಸಲ ಮೇಷ್ಟ್ರೂ ಕೆಸರಲ್ಲಿ ಬೀಳ್ಲಿ ಅಂತ."

"ಗೇಟಿನಿಂದ ಆ ಬಂಡೆಯ ತನಕ ಮೇಷ್ಟ್ರು ಎಲ್ಲಾದ್ರೂ ಕಾಲು ಊರ್ತಾರಾ? ಬಿದ್ರೆ ಅಂಚಿನಲ್ಲೇ ಬೀಳೋದು ಅಂತ ನಿಮಗೆ ಗೊತ್ತಿರಲಿಲ್ವಾ?" ಎಂದು ಕೇಳಿದರು ಅತ್ತಿಗೆ.

ಅವನು ತನ್ನ ಎರಡೂ ಕೈ ನೋಡಿಕೊಂಡ. ಇನ್ಸ್‌ಪೆಕ್ಟರ್ ಎದ್ದು ಅವನ ಭುಜದ ಮೇಲೆ ಕೈ ಇಟ್ಟ.

ಸಂಜೆ ಮೇಷ್ಟ್ರ ಹೆಂಡತಿ ತನ್ನ ಅಡುಗೆಮನೆಯ ನೆಲದ ಮೇಲೆ ಮಗಳನ್ನು ಎದುರಿಗೆ ಕೂರಿಸಿಕೊಂಡಳು. ಧೈರ್ಯಕ್ಕಿರಲಿ ಎಂದು ನಾದಿನಿಯೂ ಬಾಗಿಲಲ್ಲಿ ಕೂತಿದ್ದಳು.

"ಅಪ್ಪ ನಿಲ್ಲೋಕೆ ನೋಡಿದ್ರು ಕಂದಾ," ಎಂದಳು ತಾಯಿ. "ಬ್ರೇಕ್ ಹಿಡಿದ್ರು. ಕಾಲು ಕೆಳಗಿಡೋಕೆ ಎಳೆದ್ರು. ಬಿಡಿಸ್ಕೊಳ್ಳೋಕೆ ಆಗದ ಹಾಗೆ ಬೇರೆಯವರು ಮಾಡಿದ್ರು."

ಹುಡುಗಿ ಯೋಚಿಸಿದಳು. "ಎಷ್ಟು ಜೋರಾಗಿ ಎಳೆದ್ರು?"

ತಾಯಿ ನಾದಿನಿಯ ಕಡೆ ನೋಡಿದಳು.

"ಕಬ್ಬಿಣ ಕೆರೆದು ಬೆಳ್ಳಗಾಗೋ ಅಷ್ಟು," ಎಂದಳು ನಾದಿನಿ. "ನಾನೇ ನೋಡಿದ್ದೀನಿ."

ಹುಡುಗಿ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಹಾಗಾದ್ರೆ ಮನೆಗೆ ಬರೋರಿದ್ರು," ಎಂದಳು. ಆಮೇಲೆ, ಆ ತಿಂಗಳಲ್ಲಿ ಮೊದಲ ಸಲ, ಬಾಯಿಬಿಟ್ಟು ಅತ್ತಳು.